ಕೊಳ್ಳ ಹರಿಯುವ ಮೊದಲು

ತಮ್ಮಂದಿರಾ, ಈ ಸಲ ಭಾರತ ಹುಣ್ಣಿಮೆಗೆ ನಮ್ಮ ಓಣಿಯ ಚಕ್ಕಡಿಗಳನ್ನು ಉಳವಿ ಚನ್ನಬಸವಣ್ಣನ ಜಾತ್ರೆಗೆ ಒಯ್ಯುವ ಹೊಣೆ ನಿಮ್ಮದು ಎಂದು ಹಿರಿಯರು ಗೊತ್ತುಮಾಡಿದ್ದಾರೆ. ಎತ್ತಿಗೆ ನಾಲು ಬಡಿಸಿದ್ದೀರಿ, ಗಾಲಿಗೆ ಕೀಲೆಣ್ಣೆ ಹಾಕಿದ್ದೀರಿ, ಕೊಲ್ಲಾರಿಗೆ ಹೊಸ ತಾಡಪತ್ರಿ ತಂದಿದ್ದೀರಿ. ಕೊರಳಿಗೆ ಗೆಜ್ಜೆಸರ, ಮೈಮೇಲೆ ಝೂಲ, ಎಲ್ಲ ಸಿದ್ಧ. ಹೆಣ್ಣುಮಕ್ಕಳು, ಮುದುಕರು ಕೂಡುವ ಟ್ರ್ಯಾಕ್ಟರಿನ ಟ್ರೇಲಿಗೂ ಬಿದಿರು ಬಗ್ಗಿಸಿ ಚಪ್ಪರ ಕಟ್ಟಿದ್ದೀರಿ. ಆದರೆ ವಸ್ತಿ ಎಲ್ಲೆಲ್ಲಿ ಎಂದು ಕೇಳಿದರೆ "ಹೊತ್ತು ಮುಳುಗಿದಲ್ಲಿ ನೋಡೂಣು ಬಿಡ ಆಯಿ" ಅನ್ನುತ್ತೀರಿ. ನಾಲ್ಕು ಮಾತು ಹೇಳಬೇಕು ಅನಿಸಿದ್ದು ಅದನ್ನು ಕೇಳಿಯೇ.

ಹೊತ್ತು ಮುಳುಗಿದ ಮೇಲೆ ಸಿಗುವುದು ಉಳಿದವರೆಲ್ಲ ನೋಡಿ ಬಿಟ್ಟುಹೋದ ಜಾಗ. ನೀರು ದೂರ ಇದ್ದದ್ದು, ಮುಳ್ಳು ಬಿದ್ದದ್ದು, ಇಲ್ಲವೇ ಡಾಂಬರು ರಸ್ತೆಯ ಅಂಚು. ಕತ್ತಲಲ್ಲಿ ಅದರ ಕೆಡುಕು ಕಾಣುವುದಿಲ್ಲ, ಬೆಳಗಾದಾಗ ಕಾಣುತ್ತದೆ. ಆದ್ದರಿಂದ ಸೂರ್ಯ ಎರಡು ಆಳು ಎತ್ತರ ಇರುವಾಗಲೇ ಕೊಳ್ಳ ಹರಿದು ನೊಗ ಇಳಿಸಬೇಕು. ಎತ್ತು ದಿನಕ್ಕೆ ನಡೆಯುವುದು ಇಪ್ಪತ್ತು, ಬಹಳವಾದರೆ ಇಪ್ಪತ್ತೈದು ಕಿಲೋಮೀಟರ್ ಎಂದು ಲೆಕ್ಕ ಹಿಡಿದು, ಉಳವಿಯಿಂದ ಹಿಂದಕ್ಕೆ ಎಣಿಸಿ ಹೊರಡುವ ದಿನ ಗೊತ್ತುಮಾಡಿ. ಧಾರವಾಡದಿಂದಲೇ ಉಳವಿ ನೂರು ಕಿಲೋಮೀಟರಿಗೂ ಮೇಲೆ. ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಧಾರವಾಡ ಮುಟ್ಟುವುದೇ ಎರಡು ಎರಡೂವರೆ ದಿನದ ದಾರಿ. ತೇರು ತಪ್ಪುತ್ತದೆ ಎಂಬ ಅವಸರದಲ್ಲಿ ಎತ್ತನ್ನು ರಾತ್ರಿ ನಡೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ದಿನ ಮೊದಲೇ ಹೊರಟರೆ ಯಾರ ಗಂಟೂ ಹೋಗುವುದಿಲ್ಲ.

ಜಾಗ ನೋಡುವಾಗ ಚಕ್ಕಡಿ ಹೊಡೆಯುವವನ ಅನುಕೂಲ ಕಡೆಗೆ ಇಡಿ. ಅವನಿಗೆ ಚಹಾದ ಅಂಗಡಿ ಹತ್ತಿರ ಇದ್ದರೆ ಸಾಕು. ಬಾಯಿಬಿಟ್ಟು ಕೇಳಲಾರದವರು ನಿಮ್ಮ ಜೊತೆ ಬಹಳ ಮಂದಿ ಇದ್ದಾರೆ. ಎತ್ತು ಕೇಳುವುದಿಲ್ಲ. ಹೊಸದಾಗಿ ಬಂದ ಸೊಸೆ ಕೇಳುವುದಿಲ್ಲ. ಮೊಣಕಾಲು ನೋವಿನ ಮುದುಕ "ನಂದೇನ್ ಬಿಡ್ರಿ" ಅನ್ನುತ್ತಾನೆ. ನೀವು ಬೀಡು ಬಿಡುವ ಹೊಲದ ಒಡೆಯ ಅಲ್ಲಿ ಇರುವುದೇ ಇಲ್ಲ. ಇವರಿಗೆ ಯಾವುದು ಸರಿಯೋ ಅದು ವಸ್ತಿಯ ಜಾಗ.

ಮೊದಲ ರಾತ್ರಿ ನಮ್ಮ ಎರಿನಾಡಿನಲ್ಲೇ ಕಳೆಯುತ್ತದೆ. ಊರ ನೆಲ ಗೊತ್ತಿದ್ದದ್ದೇ ಎಂದು ಯಾರೂ ಕಣ್ಣಿಟ್ಟು ನೋಡುವುದಿಲ್ಲ, ತಪ್ಪುವುದು ಅಲ್ಲೇ. ಮಾಘದ ಹೊತ್ತಿಗೆ ಎರಿ ಹೊಲ ಬಾಯಿ ಬಿಟ್ಟಿರುತ್ತದೆ. ಕೆಲವು ಬಿರುಕಿನೊಳಗೆ ಕೈ ಇಟ್ಟರೆ ಮೊಣಕೈ ತನಕ ಇಳಿಯುತ್ತದೆ. ಹಗಲು ಎತ್ತು ನೋಡಿ ಕಾಲಿಡುತ್ತದೆ. ರಾತ್ರಿ ಮೇವಿಗೆ ತಿರುಗಾಡುವಾಗ ಗೊರಸು ಅದರೊಳಗೆ ಸಿಕ್ಕಿತೆಂದರೆ ಕಾಲು ತಿರುಚುತ್ತದೆ. ಚೇಳು, ಹಾವುಗಳಿಗೂ ಆ ಬಿರುಕೇ ಮನೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚುತ್ತದೆ, ಹತ್ತಿ ಕಟ್ಟಿಗೆ ಕಿತ್ತ ಹೊಲದಲ್ಲಿ ಮೋಟು ಬೇರು ಉಳಿದಿರುತ್ತದೆ. ಅಲ್ಲಿ ಗೂಟ ಬಡಿದು ನೋಡಿ. ಬಿರುಕು ಬಿಟ್ಟ ಎರಿಯಲ್ಲಿ ಗೂಟ ಎರಡೇ ಏಟಿಗೆ ಇಳಿಯುತ್ತದೆ, ಕೈಯಿಂದ ಅಲ್ಲಾಡಿಸಿದರೆ ಹೆಂಟೆಯ ಸಮೇತ ಮೇಲೆ ಬರುತ್ತದೆ. ಅಂಥ ಗೂಟಕ್ಕೆ ಕಿಲಾರಿ ಎತ್ತು ಕಟ್ಟಿ ಮಲಗಿದರೆ, ನಾಯಿ ಬೊಗಳಿದ್ದಕ್ಕೆ ಬೆದರಿ ಗೂಟ ಕಿತ್ತುಕೊಂಡು ಅದು ರಸ್ತೆಗೆ ಓಡುತ್ತದೆ. ಊರ ಹೊರಗಿನ ಗರಸು ನೆಲ, ಗುಡಿಯ ಮುಂದಿನ ಬಯಲು, ಶಾಲೆಯ ಮೈದಾನ ಎರಿ ಹೊಲಕ್ಕಿಂತ ಸಾವಿರ ಪಾಲು ಮೇಲು. ಮಾಘದಲ್ಲಿ ಮಳೆಯ ಭಯವಿಲ್ಲ ನಿಜ. ಆದರೂ ಅಕಾಲಕ್ಕೆ ನಾಲ್ಕು ಹನಿ ಬಿದ್ದರೂ ಎರಿಯಲ್ಲಿ ನಿಲ್ಲಿಸಿದ ಟ್ರೇಲಿ ಅಲ್ಲೇ ಕೂಡುತ್ತದೆ. ಗರಸಿನ ಮೇಲೆ ನಿಂತದ್ದು ಬೆಳಗಿನ ಜಾವಕ್ಕೆ ಹೊರಡುತ್ತದೆ.

ಬೆಣ್ಣಿಹಳ್ಳದ ಮರಳು ಮೆತ್ತಗಿದೆ, ಮಕ್ಕಳು ಆಡುತ್ತಾರೆ ಎಂದು ಹಳ್ಳದೊಳಗೆ ಇಳಿಯುವ ಆಸೆ ಹುಟ್ಟುತ್ತದೆ. ಬೇಡ. ಶಿಗ್ಗಾವಿ ಸೀಮೆಯ ಧುಂಡಶಿ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಹಾಯ್ದು ಮಲಪ್ರಭೆಗೆ ಸೇರುವ ಈ ಹಳ್ಳದ ಗುಣ ನಮಗಿಂತ ಬಲ್ಲವರು ಯಾರು? ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಲ್ಲೇ ತುಂಬಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಸೇರಿ ಊರು ಹೊಲ ಒಂದು ಮಾಡಿದ್ದನ್ನು ನೀವೇ ಕಂಡಿದ್ದೀರಿ. ಜಾತ್ರೆಯ ಹೊತ್ತಿಗೆ ಹಳ್ಳ ಒಣಗಿರುತ್ತದೆ. ಆಗ ಅದರ ದಂಡೆಯ ತುಂಬ ಬಳ್ಳಾರಿ ಜಾಲಿ. ಆ ಮುಳ್ಳು ಟ್ರೇಲಿಯ ಟಾಯರನ್ನೂ ಬಿಡುವುದಿಲ್ಲ, ಎತ್ತಿನ ಗೊರಸಿನ ಸಂದನ್ನೂ ಬಿಡುವುದಿಲ್ಲ. ತಗ್ಗಿನಲ್ಲಿ ಬೆಳಗಿನ ಜಾವ ಥಂಡಿ ಹೆಚ್ಚು, ಕೂಸಿಗೆ ನೆಗಡಿ ಖಾತ್ರಿ.

ನೀರಿನ ವಿಷಯಕ್ಕೆ ಬರುತ್ತೇನೆ. ಎರಿನಾಡಿನಲ್ಲಿ ಭಾವಿಯ ನೀರು ಬಹಳ ಕಡೆ ಸವಳು. ಊರ ಕೆರೆಗೆ ನವಿಲುತೀರ್ಥದ ಆಣೆಕಟ್ಟಿನ ನೀರು ಮಲಪ್ರಭಾ ಕಾಲುವೆಯಿಂದ ಬಿಟ್ಟರೆ, ಮುಂದಿನ ಸರದಿ ಬರುವ ತನಕ ಆ ಊರು ಕುಡಿಯುವುದು ಅದನ್ನೇ. ಅಂಥ ಕೆರೆಗೆ ಎತ್ತು ಇಳಿಸುವುದು, ಅದರ ಸೋಪಾನದ ಮೇಲೆ ಅರಿವೆ ಒಗೆಯುವುದು, ಜಾತ್ರೆಗೆ ಹೊರಟವರು ಮಾಡುವ ಕೆಲಸವಲ್ಲ. ಕೊಡದಿಂದ ತಂದು ಬಕೆಟ್ಟಿನಲ್ಲಿ ಕುಡಿಸಿ. ಕೆರೆಯಿಂದ ಒಂದು ಹೊಲದಷ್ಟು ದೂರ, ಏರಿಯ ಕೆಳಗೆ ಅಲ್ಲ, ಮೇಲುಮಗ್ಗುಲಲ್ಲೂ ಅಲ್ಲ, ಬದಿಗೆ ಬೀಡು ಬಿಡಿ. ಮೇಲುಮಗ್ಗುಲಲ್ಲಿ ಬಿಟ್ಟರೆ ನಿಮ್ಮ ಸಗಣಿ ಗಂಜಲ ಅವರ ಕೊಡಕ್ಕೆ ಹೋಗುತ್ತದೆ.

ಬಣವಿಗಳ ನಡುವೆ ಗಾಳಿ ಮರೆಯಾಗುತ್ತದೆ, ಬೆಚ್ಚಗಿರುತ್ತದೆ ಎಂದು ಅಲ್ಲಿ ಹಾಸಿಗೆ ಹಾಸುವವರುಂಟು. ಮಾಘದಲ್ಲಿ ಜೋಳದ ಕಣಿಕಿ ಒಣಗಿ ಗರಗರ ಅನ್ನುತ್ತಿರುತ್ತದೆ. ಒಂದು ಬೀಡಿಯ ತುಂಡು ಸಾಕು, ಒಬ್ಬ ರೈತನ ವರ್ಷದ ಮೇವು ಹೋಯಿತು. ಒಲೆ ಹೂಡುವ ಮೊದಲು ಒಂದು ಹಿಡಿ ಹೊಟ್ಟು ತೂರಿ ಗಾಳಿ ಎತ್ತ ಒಯ್ಯುತ್ತದೆ ನೋಡಿ. ಆ ದಿಕ್ಕಿಗೆ ಬಣವಿ, ಗುಡಿಸಲು, ನಿಮ್ಮದೇ ತಾಡಪತ್ರಿ ಇರಕೂಡದು. ಕಣ ಖಾಲಿ ಕಂಡರೂ ಕೇಳದೆ ಇಳಿಯಬೇಡಿ. ಅದು ರಾಶಿ ಮಾಡುವ ಜಾಗ, ಸಾರಿಸಿ ಪೂಜೆ ಮಾಡಿದ್ದು. ಕೇಳಿದರೆ ನಮ್ಮ ಸೀಮೆಯಲ್ಲಿ ಉಳವಿಗೆ ಹೋಗುವವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಕೂಡಲು ಜಾಗವನ್ನೂ ಕೊಡುತ್ತಾರೆ, ಎತ್ತಿಗೆ ಕಣಿಕಿಯನ್ನೂ ಹಾಕುತ್ತಾರೆ.

ಈಗ ಹೆಣ್ಣುಮಕ್ಕಳ ಮಾತು. ಗಂಡಸರು ಮೇವು ನೀರು ನೋಡಿ "ಚಲೋ ಜಾಗ" ಅಂದುಬಿಡುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ಜಾತ್ರೆಯ ದಾರಿಯಲ್ಲಿ ನಾವು ಹೆಂಗಸರು ಮಧ್ಯಾಹ್ನದ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಚರಿಗಿ ಹಿಡಿದು ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿರಲಿಲ್ಲ, ಅದಕ್ಕೆ. ಊರಿಗೆ ಮರಳಿದ ಮೇಲೆ ಉರಿಮೂತ್ರ ಹಿಡಿದು ನರಳಿದವರು ನನ್ನ ಓರಗೆಯಲ್ಲಿ ಬಹಳ ಮಂದಿ. ಯಾರಿಗೂ ಹೇಳಲಿಲ್ಲ. ನಿಮ್ಮ ಅವ್ವ, ಹೆಂಡತಿ, ತಂಗಿ ಆ ಕಷ್ಟ ಪಡಬಾರದು. ಶಾಲೆ, ಮಠ, ಕಲ್ಯಾಣ ಮಂಟಪ ಇದ್ದ ಊರು ನೋಡಿ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೊದಲೇ ಕೇಳಿ, ನೀರು ಬರುತ್ತದೋ ಇಲ್ಲವೋ ಒಳಗೆ ಹೋಗಿ ತಿರುವಿ ನೋಡಿ. ಎರಡು ಕಿಲೋಮೀಟರ್ ಹಿಂದೆಯೇ ನಿಲ್ಲಬೇಕಾದರೂ ಅಲ್ಲೇ ನಿಲ್ಲಿ. ಜಾಗ ನೋಡಲು ಬೈಕಿನ ಮೇಲೆ ಇಬ್ಬರನ್ನು ಮುಂದೆ ಕಳಿಸುತ್ತೀರಲ್ಲ, ಅವರಲ್ಲಿ ಒಬ್ಬಳು ಹೆಣ್ಣುಮಗಳು ಇರಲಿ. ಅವಳು ಬೇಡ ಅಂದ ಜಾಗ ಬೇಡ. ಕಾರಣ ಕೇಳಿ ವಾದಕ್ಕೆ ನಿಲ್ಲಬೇಡಿ.

ಡಾಂಬರು ರಸ್ತೆಯ ಬದಿಗೆ ಮಾತ್ರ ಎಂದೂ ಮಲಗಬೇಡಿ. ಹುಬ್ಬಳ್ಳಿ, ಧಾರವಾಡದ ಆಸುಪಾಸು ರಾತ್ರಿಯಿಡೀ ಲಾರಿ ಓಡುತ್ತವೆ, ನಿದ್ದೆಗಣ್ಣಿನ ಚಾಲಕನಿಗೆ ಕಂಬಳಿ ಹೊದ್ದ ಮನುಷ್ಯ ಕಾಣುವುದಿಲ್ಲ. ಚಕ್ಕಡಿಯ ಹಿಂದೆ ಕೆಂಪು ರೇಡಿಯಂ ಪಟ್ಟಿ ಹಚ್ಚಿ. ಟ್ರೇಲಿಯ ಕೆಳಗೆ ನೆರಳಿದೆ ಎಂದು ಯಾರೂ ಒರಗಬಾರದು. ಟ್ರ್ಯಾಕ್ಟರ್ ಸುರು ಮಾಡುವವನು ಮೊದಲು ಕೆಳಗಿಳಿದು ಸುತ್ತು ಹಾಕಿ ನೋಡಿಯೇ ಹತ್ತಬೇಕು. ಇದನ್ನು ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಏಳುವಾಗ ಒಮ್ಮೆ ಹೇಳಿ. ಬೇಸರವಾದರೂ ಹೇಳಿ.

ಧಾರವಾಡ ದಾಟಿ ಹಳಿಯಾಳದ ದಾರಿ ಹಿಡಿದರೆ ಎರಿ ಮುಗಿದು ಮಸಾರಿ ಸುರುವಾಗುತ್ತದೆ. ಕುಂದಗೋಳದವರು ಕಲಘಟಗಿ ಮೇಲಿಂದ ಬಂದರೂ ಅಷ್ಟೇ. ಇಲ್ಲಿ ಗೂಟ ಗಟ್ಟಿ ನಿಲ್ಲುತ್ತದೆ, ನೀರು ಸಿಹಿ, ಮರದ ನೆರಳು ದಂಡಿಯಾಗಿದೆ. ಬಯಲುನಾಡಿನವರಿಗೆ ಮರ ಕಂಡರೆ ಕೆಳಗೆ ಕೂಡುವ ಆಸೆ. ಕೂಡಿ, ಆದರೆ ಮೊದಲು ತಲೆ ಎತ್ತಿ ನೋಡಿ. ಕೊಂಬೆಗೆ ಹೆಜ್ಜೇನು ಕಟ್ಟಿದ್ದರೆ, ನಿಮ್ಮ ಒಲೆಯ ಹೊಗೆ ಅದಕ್ಕೆ ತಾಗಿದ ಗಳಿಗೆಯಲ್ಲೇ ಇಡೀ ಬೀಡು ಚೆಲ್ಲಾಪಿಲ್ಲಿ. ಕಟ್ಟಿದ ಎತ್ತು ಓಡಲಾರದೆ ಸಾಯುತ್ತದೆ. ಒಣಗಿದ ಕೊಂಬೆ ಇದ್ದರೂ ಆ ಮರ ಬೇಡ. ಬುಡದಲ್ಲಿ ಹುತ್ತ ಇದ್ದರೂ ಬೇಡ. ಕಲಘಟಗಿ, ಹಳಿಯಾಳ ಸೀಮೆಯಲ್ಲಿ ಕಬ್ಬಿನ ಗದ್ದೆಗೆ ಹೊಂದಿ ಬೀಡು ಬಿಡಬೇಡಿ. ಕಾಡಿನಿಂದ ಆನೆ ಇಳಿದರೆ ಮೊದಲು ಬರುವುದು ಕಬ್ಬಿಗೆ, ನಿಮ್ಮ ಚಕ್ಕಡಿಯ ಹಿಂಡಿಯ ಚೀಲ ಅದಕ್ಕೆ ಎರಡನೇ ಊಟ.

ದಾಂಡೇಲಿಯಲ್ಲಿ ಕಾಳಿ ನದಿ ಸಿಗುತ್ತದೆ. ಜೀವಮಾನವಿಡೀ ಕೆರೆಯ ನೀರು ನೋಡಿದ ನಮ್ಮಂಥವರಿಗೆ ಅಷ್ಟು ತಿಳಿಯಾದ ಹರಿಯುವ ನೀರು ಕಂಡರೆ ಎತ್ತಿನ ಮೈ ತೊಳೆಯಬೇಕು, ತಾವೂ ಮುಳುಗಬೇಕು ಅನಿಸುವುದು ಸಹಜ. ಇಲ್ಲಿ ನಾನು ಕೈಮುಗಿದು ಹೇಳುತ್ತೇನೆ, ಊರವರನ್ನು ಕೇಳದೆ ಆ ನೀರಿಗೆ ಕಾಲಿಡಬೇಡಿ. ಅಲ್ಲಿ ಮೊಸಳೆಗಳಿವೆ, ಮನುಷ್ಯರನ್ನು ಎಳೆದೊಯ್ದದ್ದೂ ಉಂಟು. ಇನ್ನೊಂದು, ಮೇಲೆ ಗಣೇಶಗುಡಿಯಲ್ಲಿ ಸೂಪಾ ಆಣೆಕಟ್ಟು ಇದೆ. ವಿದ್ಯುತ್ ತೆಗೆಯಲು ಅಲ್ಲಿಂದ ನೀರು ಬಿಟ್ಟರೆ ಕೆಳಗೆ ಹೊಳೆ ಏರುತ್ತದೆ, ಬಿಡದಿದ್ದರೆ ಇಳಿಯುತ್ತದೆ. ಸಂಜೆ ಬಂಡೆಗಲ್ಲು ಕಂಡ ಜಾಗದಲ್ಲಿ ಬೆಳಿಗ್ಗೆ ನೀರು ನಿಂತಿರಬಹುದು. ನಮ್ಮ ಹಳ್ಳ ಎಲ್ಲೋ ಮಳೆಯಾದರೆ ಬರುತ್ತದೆ, ಈ ಹೊಳೆ ಎಲ್ಲೂ ಮಳೆ ಇಲ್ಲದೆಯೂ ಬರುತ್ತದೆ. ಬೀಡು ದಂಡೆಯಿಂದ ದೂರ, ಎತ್ತರದಲ್ಲಿ, ಜನವಸತಿಯ ಹತ್ತಿರ ಇರಲಿ.

ಮುಂದಿನ ದಾರಿ ಹುಲಿಯ ಕಾಡು. ದಾಂಡೇಲಿ, ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರು ಬಂತು. ನಮ್ಮ ಅಜ್ಜಂದಿರು ಬೇಕಾದಲ್ಲಿ ಕೊಳ್ಳ ಹರಿದು ಬೆಂಕಿ ಹಾಕಿ ಭಜನೆ ಮಾಡುತ್ತಿದ್ದರು, ನಿಜ. ಆಗಿನ ಕಾಡು ಬೇರೆ, ಆಗಿನ ಜನದ ಲೆಕ್ಕ ಬೇರೆ. ಇಂದು ಅರಣ್ಯ ಇಲಾಖೆಯವರು ತೋರಿಸಿದ ಜಾಗದಲ್ಲಿ ಮಾತ್ರ ವಸ್ತಿ ಮಾಡಬೇಕು. ಇದನ್ನು ಹಟಕ್ಕೆ ಒಯ್ಯಬೇಡಿ. ಮಾಘ ಕಳೆಯುತ್ತಿದ್ದಂತೆ ಅಲ್ಲಿ ಎಲೆ ಉದುರಿ ನೆಲವೆಲ್ಲ ಒಣ ತರಗು. ಒಂದು ಒಲೆಯ ಕಿಡಿ ಎಷ್ಟು ಗುಡ್ಡ ಸುಡುತ್ತದೆ ಹೇಳಲಾಗದು. ಅದಕ್ಕೇ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಮಾದಲಿ ಇವನ್ನು ಕಾಡಿನ ದಾರಿಗೆಂದೇ ಬೇರೆ ಬುತ್ತಿ ಕಟ್ಟಿಡಿ. ಅಲ್ಲಿ ಒಲೆ ಹಚ್ಚದೆ ಉಂಡು ಮಲಗಬಹುದು. ಹಾಡಿನ ಪೆಟ್ಟಿಗೆಯನ್ನು ದಾಂಡೇಲಿಯಲ್ಲೇ ಬಂದ್ ಮಾಡಿ.

ತರಗೆಲೆ ಮೆತ್ತಗಿದೆ ಎಂದು ಅದರ ಮೇಲೆ ಹಾಸಿಗೆ ಹಾಸಬೇಡಿ. ಅದರಲ್ಲಿ ಸಣ್ಣ ಉಣ್ಣಿ ಇರುತ್ತವೆ, ಕಣ್ಣಿಗೆ ಎಳ್ಳಿಗಿಂತ ಚಿಕ್ಕವು. ಮಂಗನ ಕಾಯಿಲೆ ಹರಡುವುದು ಅಂಥ ಉಣ್ಣಿಯಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಬೇನೆ ಉತ್ತರ ಕನ್ನಡದಲ್ಲೂ ಇದೆ, ಅದರ ಕಾಲವೂ ಚಳಿಗಾಲದಿಂದ ಬೇಸಿಗೆಯ ತನಕ, ಅಂದರೆ ಸರಿಯಾಗಿ ಜಾತ್ರೆಯ ಹೊತ್ತು. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ಆ ಸುತ್ತಿನಲ್ಲಿ ನಿಲ್ಲಬೇಡಿ, ಅರಣ್ಯದವರಿಗೆ ತಿಳಿಸಿ. ಬಯಲು ನೆಲದಲ್ಲಿ ತಾಡಪತ್ರಿ ಹಾಸಿ, ಮೇಲೆ ನವಲಗುಂದದ ಜಮಖಾನ ಹಾಸಿ ಮಲಗಿ. ಬೆಳಿಗ್ಗೆ ಎದ್ದು ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಎತ್ತಿನ ತೊಡೆಯ ಸಂದಿನಲ್ಲಿ ಕೈಯಾಡಿಸಿ ನೋಡಿ. ಊರಿಗೆ ಬಂದ ಮೇಲೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿ ಬಂದದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಬೀಡಿನ ಜೊತೆ ಬೇನೆ ಸಾಗುವ ಮಾತಿಗೆ ಇನ್ನೊಂದು ನೆನಪಾಯಿತು. ನನ್ನ ತಂಗಿಯ ಮೊಮ್ಮಗ ಅಮೆರಿಕದ ಅಯೋವಾದಲ್ಲಿ ಇದ್ದಾನೆ. ಅದೂ ನಮ್ಮಂಥದ್ದೇ ಕಪ್ಪು ಮಣ್ಣಿನ ಬಯಲು, ಗೋವಿನಜೋಳ, ಸೋಯಾ ಬೆಳೆಯುವ ನಾಡು. ಅಲ್ಲಿ ರಜೆ ಬಂದರೆ ಜನ ಡೇರೆ ಕಟ್ಟಿಕೊಂಡು, ಇಲ್ಲವೇ ಮಂಚ, ಒಲೆ, ಪಾಯಖಾನೆ ಎಲ್ಲ ಇರುವ ದೊಡ್ಡ ಗಾಡಿ ತೆಗೆದುಕೊಂಡು ಬಯಲಿಗೆ ಹೋಗುತ್ತಾರಂತೆ. ಬೀಡಿನ ಜಾಗಕ್ಕೆ ನಂಬರು, ಬಹಳ ಕಡೆ ಕರೆಂಟಿನ ಕಂಬ, ನೀರಿನ ನಲ್ಲಿ. ರಾತ್ರಿ ಗೊತ್ತುಮಾಡಿದ ಹೊತ್ತಿನ ಮೇಲೆ ಸದ್ದು ಮಾಡುವಂತಿಲ್ಲ. ಗಾಡಿಯ ಹೊಲಸು ಸುರಿಯಲು ಬೇರೆಯೇ ಜಾಗ. ಅವನು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದು: ಬೇರೆ ಊರಿನ ಸೌದೆ ಅಲ್ಲಿಗೆ ತರಬೇಡಿ ಅನ್ನುತ್ತಾರೆ. 2002ರಲ್ಲಿ ಮಿಶಿಗನ್‌ನಲ್ಲಿ ಒಂದು ಹಸಿರು ದುಂಬಿ ಕಂಡಿತಂತೆ. ಅದರ ಹುಳು ಆಶ್ ಎಂಬ ಮರದ ತೊಗಟೆಯೊಳಗೆ ಸೇರಿ ಮರವನ್ನೇ ಕೊಲ್ಲುತ್ತದೆ. ಬೀಡಿನ ಬೆಂಕಿಗೆಂದು ಜನ ಹೊತ್ತುಕೊಂಡು ಹೋದ ಸೌದೆಯ ಜೊತೆ ಅದು ಊರೂರಿಗೆ ಹೋಯಿತು, ಕೋಟಿಗಟ್ಟಲೆ ಮರ ಸತ್ತವು.

ಇದನ್ನು ಕೇಳಿದಾಗ ನನಗೆ 2022ರ ಚರ್ಮಗಂಟು ರೋಗ ನೆನಪಾಯಿತು. ಆಗ ನಮ್ಮ ದನದ ಸಂತೆಗಳೇ ನಿಂತವು, ಎಷ್ಟು ಮನೆಯ ಎತ್ತು ಹೋದವು. ಆ ರೋಗ ಕಚ್ಚುವ ನೊಣ, ಸೊಳ್ಳೆ, ಉಣ್ಣಿಯಿಂದ ಹರಡುತ್ತದೆ. ನೂರು ಊರಿನ ಎತ್ತು ಒಂದೇ ಬಯಲಿನಲ್ಲಿ ಕೂಡುವ ಜಾತ್ರೆ ಅದಕ್ಕೆ ಸುಗ್ಗಿ. ತಿಪ್ಪೆಯ ಹತ್ತಿರ, ನಿಂತ ನೀರಿನ ಹತ್ತಿರ ಎತ್ತು ಕಟ್ಟಬೇಡಿ. ಜೊಲ್ಲು ಸುರಿಸುವ, ಮೈಮೇಲೆ ಗಂಟೆದ್ದ ದನ ಕಂಡರೆ ಆ ಬೀಡಿನಿಂದ ದೂರ ಸರಿಯಿರಿ, ಎಷ್ಟೇ ಒಳ್ಳೆಯ ಜಾಗವಾಗಿರಲಿ. ನಮ್ಮ ಎತ್ತಿಗೆ ನಮ್ಮದೇ ಬಕೆಟ್ಟು, ನಮ್ಮದೇ ಗ್ವಾದಲಿ. ಲಸಿಕೆ ಹಾಕಿಸಿದ ಚೀಟಿ ಜೇಬಿನಲ್ಲಿ ಇರಲಿ. ನಮ್ಮ ಎತ್ತಿಗೇ ಬೇನೆ ಬಂದಿದ್ದರೆ ಈ ವರ್ಷ ಚಕ್ಕಡಿ ಬೇಡ, ಬಸ್ಸಿಗೆ ಹೋಗಿ. ಚನ್ನಬಸವಣ್ಣ ಚಕ್ಕಡಿ ಎಣಿಸಿ ಆಶೀರ್ವಾದ ಮಾಡುವವನಲ್ಲ. ಕಲ್ಯಾಣ ಬಿಟ್ಟು ಶರಣರ ಜೊತೆ ಆ ಕಾಡಿಗೆ ಬಂದವನು ಅವನು. ದಾರಿಯ ಕಷ್ಟ ಅವನಿಗೆ ಗೊತ್ತು.

ಉಳವಿ ಮುಟ್ಟಿದ ಮೇಲೆ ಎಲ್ಲರಿಗೂ ಗುಡಿಯ ಹತ್ತಿರದ ಜಾಗವೇ ಬೇಕು. ಅಲ್ಲಿ ಚಕ್ಕಡಿಗೆ ಚಕ್ಕಡಿ ಹೊಂದಿ ನಿಂತಿರುತ್ತವೆ, ನಡುವೆ ಒಂದು ಎತ್ತು ಹಾಯಲು ದಾರಿ ಇರುವುದಿಲ್ಲ. ಬೆಂಕಿ ಬಿದ್ದರೆ, ಯಾರಿಗಾದರೂ ಎದೆನೋವು ಬಂದರೆ ಹೊರಗೆ ತರುವುದು ಹೇಗೆ? ಸ್ವಲ್ಪ ದೂರ ನಿಂತು ನಡೆದು ಹೋಗಿ. ಮೂಕಿಯನ್ನು ಹೊರಡುವ ದಾರಿಯ ಕಡೆಗೆ ಮಾಡಿ ನಿಲ್ಲಿಸಿ, ಆಸರೆಯ ಕೋಲು ಕೊಡಿ, ಗಾಲಿಗೆ ಮುಂದೊಂದು ಹಿಂದೊಂದು ಕಲ್ಲು ಇಡಿ. ಮುದುಕರಿಗೆ ರಾತ್ರಿ ತಮ್ಮ ಚಕ್ಕಡಿ ಗುರುತು ಸಿಗುವಂತೆ ಎತ್ತರಕ್ಕೆ ಒಂದು ಬಣ್ಣದ ಅರಿವೆ ಕಟ್ಟಿ. ನೂರಾರು ಚಕ್ಕಡಿಯಲ್ಲಿ ದಾರಿ ತಪ್ಪಿದ ಮುದುಕಿಯನ್ನು ಹುಡುಕುವುದು ಸಣ್ಣ ಕೆಲಸವಲ್ಲ.

ಬಿಟ್ಟ ಜಾಗವನ್ನು ಹೇಗೆ ಬಿಡಬೇಕು ಎನ್ನುವುದೂ ಇದರಲ್ಲೇ ಬರುತ್ತದೆ, ಏಕೆಂದರೆ ಬರುವಾಗ ಅದೇ ದಾರಿ, ಅದೇ ಊರು. ಒಲೆಯ ಬೂದಿಗೆ ನೀರು ಸುರಿದು ಕೈಯಿಟ್ಟು ನೋಡಿ, ಬಿಸಿ ಇದ್ದರೆ ಇನ್ನೊಂದು ತಂಬಿಗೆ. ಸಗಣಿಯನ್ನು ಹೊಲದಲ್ಲಿ ಹರಡಿ, ಒಡೆಯನಿಗೆ ಗೊಬ್ಬರವಾಗುತ್ತದೆ; ಶಾಲೆಯ ಅಂಗಳವಾದರೆ ಬಾಚಿ ತಿಪ್ಪೆಗೆ ಹಾಕಿ. ಪ್ಲಾಸ್ಟಿಕ್ ಹಾಳೆ, ಗುಟಖಾ ಚೀಟಿ, ನೀರಿನ ಬಾಟಲಿ ಒಂದು ಚೀಲದಲ್ಲಿ ತುಂಬಿ ಟ್ರೇಲಿಗೆ ಕಟ್ಟಿ, ಧಾರವಾಡಕ್ಕೆ ಬಂದು ಹಾಕಿ. ಕಾಡಿನಲ್ಲಿ ಒಂದು ಹಾಳೆಯೂ ಬೀಳಬಾರದು, ಉಪ್ಪಿನ ವಾಸನೆಗೆ ಜಿಂಕೆ, ಕಾಡುಕೋಣ ಅದನ್ನೇ ತಿನ್ನುತ್ತವೆ.

ಜಾಗ ಕೊಟ್ಟ ರೈತನಿಗೆ ರೊಕ್ಕ ಕೊಡಲು ಹೋಗಬೇಡಿ, ಅವನಿಗೆ ನೋವಾಗುತ್ತದೆ. ಮಠಕ್ಕಾದರೆ ಕಾಣಿಕೆ ಹಾಕಿ, ಶಾಲೆಗಾದರೆ ನಾಲ್ಕು ಕಸಬರಿಗೆಯನ್ನೋ ಒಂದು ಬಕೆಟ್ಟನ್ನೋ ಕೊಟ್ಟು ಬನ್ನಿ. ಹೋಗುವಾಗ ಅವರ ಹೆಸರು, ಮನೆ ಎಲ್ಲಿ ಎಂಬುದನ್ನು ಬರೆದುಕೊಳ್ಳಿ. ಬರುವಾಗ ಅವರ ಬಾಗಿಲಿಗೆ ಹೋಗಿ ಉಳವಿಯ ವಿಭೂತಿ, ಬೆಂಡು ಬೆತ್ತಾಸು ಕೊಡಿ, ಮನೆಯ ಮಕ್ಕಳಿಗೆ ಒಂದು ಪೀಪಿಯನ್ನೂ ತನ್ನಿ. ಮುಂದಿನ ವರ್ಷದ ಮಾತನ್ನು ಆಗಲೇ ಆಡಿ ಬನ್ನಿ, ಎಷ್ಟು ಚಕ್ಕಡಿ, ಎಷ್ಟು ಮಂದಿ, ಯಾವ ದಿನ ಎಂದು.